ಕರಿಮದ್ದಿನ ತೋಟೆ ತುಂಬಲು ಕಲಿತ ಬಗೆ

ಮೂರನೆಯ ಗುಂಡಿಗೆ ಸದ್ದೇ ಬರಲಿಲ್ಲ. ಒಣ ಕಡ್ಡಿ ಮುರಿದ ಹಾಗೆ ‘ಟಪ್’ ಎಂದಿತು, ಕೈಗೆ ಒದೆತ ಸಿಗಲಿಲ್ಲ. ಅಭ್ಯಾಸಬಲದಿಂದ ನನ್ನ ಹೆಬ್ಬೆರಳು ರಿವಾಲ್ವರಿನ ಕುದುರೆಯನ್ನು (ಹ್ಯಾಮರ್) ಮತ್ತೆ ಹಿಂದಕ್ಕೆ ಎಳೆಯುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರು ‘ನಿಲ್ಲಿಸು!’ ಎಂದು ಕೂಗದಿದ್ದರೆ ನಾಲ್ಕನೆಯ ಗುಂಡು ಹೋಗಿ ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಮೂರನೆಯದಕ್ಕೆ ಬಡಿಯುತ್ತಿತ್ತು. ನಳಿಗೆ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಆ ತೋಟೆಯನ್ನು ತುಂಬಿದವನು ನಾನೇ.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಊರಿನ ಹೊರವಲಯದಲ್ಲಿ. ಇಲ್ಲಿ ಹತ್ತೊಂಬತ್ತನೆಯ ಶತಮಾನದ ಮಾದರಿಯ ರಿವಾಲ್ವರ್, ರೈಫಲ್‌ಗಳಲ್ಲಿ ಉಕ್ಕಿನ ಫಲಕಗಳಿಗೆ ಗುರಿಯಿಡುವ ಸ್ಪರ್ಧೆಗಳು ನಡೆಯುತ್ತವೆ. ನನ್ನದು ಕೋಲ್ಟ್ ಕಂಪನಿ 1873ರಲ್ಲಿ ತಂದ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರಿನ ಇತ್ತೀಚಿನ ಪ್ರತಿರೂಪ. ತಿರುಗುವ ಸಿಲಿಂಡರಿನಲ್ಲಿ ತೋಟೆ ಕೂರುವ ಆರು ಮನೆಗಳಿದ್ದರೂ ಐದನ್ನೇ ತುಂಬುತ್ತೇವೆ. ಕುದುರೆ ಖಾಲಿ ಮನೆಯ ಮೇಲೆ ಕೂರಬೇಕು. ಇದರ ತೋಟೆಗಳು ಅಂಗಡಿಯಲ್ಲಿ ದುಬಾರಿ. ಹಿತ್ತಾಳೆಯ ಖಾಲಿ ಕೊಳವೆಯನ್ನೋ ಹಲವು ಸಲ ಬಳಸಬಹುದು. ಹಾಗಾಗಿ ಇಲ್ಲಿ ಹೆಚ್ಚಿನವರು ಹೊಸ ಕೇಪು, ಮದ್ದು, ಗುಂಡು ಹಾಕಿ ಮನೆಯಲ್ಲೇ ಮರುತುಂಬುತ್ತಾರೆ. ಭಾರತದಲ್ಲಿರುವ ಓದುಗರಿಗೆ ಒಂದು ಮಾತು: ಅಲ್ಲಿ ತೋಟೆ ತಯಾರಿಸಲು ಬೇರೆಯೇ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳಲು ನಮ್ಮ ಕೊಡಗಿನವರಿಗಿರುವ ವಿನಾಯಿತಿಯನ್ನು ನಂಬಿಕೊಂಡು ಯಾರೂ ಇದಕ್ಕೆ ಕೈಹಾಕಬಾರದು.

ಸಿಕ್ಕಿಕೊಂಡ ಗುಂಡಿನ ಕಾರಣ ಸರಳವಾಗಿತ್ತು. ಆಗ ನಾನು ಬಳಸುತ್ತಿದ್ದುದು ಆಧುನಿಕ ಹೊಗೆರಹಿತ ಮದ್ದು. ನನ್ನ ರಿವಾಲ್ವರಿನ .45 ಕೋಲ್ಟ್ ತೋಟೆಯ ಕೊಳವೆಯನ್ನು ಮಾಡಿದ್ದು ಕರಿಮದ್ದಿನ ಕಾಲದಲ್ಲಿ, 40 ಗ್ರೇನ್ ಮದ್ದು ಹಿಡಿಯಲೆಂದು. ಗ್ರೇನ್ ಎಂದರೆ ಎಷ್ಟೆಂದು ಕೇಳುವವರಿಗೆ, ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನ್ ತೂಗುತ್ತದೆ. ಹೊಗೆರಹಿತ ಮದ್ದಿಗೆ ಬಲ ಹೆಚ್ಚು, ಬೇಕಾಗುವುದು ತೀರಾ ಕಡಿಮೆ. ಅದು ಕೊಳವೆಯ ತಳದಲ್ಲಿ ಚಿಟಿಕೆಯಷ್ಟು ಕೂತಿರುತ್ತದೆ. ಮದ್ದೇ ಬೀಳದಿದ್ದರೂ ತಿಳಿಯುವುದಿಲ್ಲ, ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಆ ಸಂಜೆ ನಡುವೆ ಫೋನ್ ಬಂದಿತ್ತು. ಮಾತಾಡಿ ಬಂದು ಕೂತವನು ಒಂದು ಕೊಳವೆಯನ್ನು ದಾಟಿಸಿಬಿಟ್ಟಿದ್ದೆ. ಮದ್ದಿಗೆ ಕಿಡಿ ಕೊಡುವ ಕೇಪು ಸಿಡಿದ ಒತ್ತಡಕ್ಕೇ ಗುಂಡು ಕೊಳವೆ ಬಿಟ್ಟು ನಳಿಗೆಯ ಹಿಂಬದಿಯೊಳಗೆ ಹೋಗಿ ಕೂತಿತ್ತು. ರಿವಾಲ್ವರ್ ಖಾಲಿ ಮಾಡಿ, ಹಿತ್ತಾಳೆಯ ಸಲಾಕೆಯಿಂದ ಮೆಲ್ಲಗೆ ತಟ್ಟಿ ಅದನ್ನು ಹೊರತೆಗೆದೆವು. ಎರಡು ಸಲ ಮದ್ದು ಬಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನನ್ನ ಅಜ್ಜ ಕೊಡಗಿನ ಆಯುಧಪೂಜೆಯಾದ ಕೈಲ್‌ಪೊದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆಗಿಡುತ್ತಿದ್ದರು. ಕೇಪಿನ ಕೋವಿಗೆ ಮದ್ದು ತುಂಬುವಾಗ ಮಕ್ಕಳು ಹತ್ತಿರ ಹೋದರೆ, ‘ಮದ್ದಿನ ಮುಂದೆ ಮಾತಾಡಬೇಡ, ಆಚೆ ಹೋಗು’ ಎಂದು ಗದರಿಸುತ್ತಿದ್ದರು. ಅದು ಮಡಿಯ ಮಾತೆಂದು ನಾನು ಬಹಳ ಕಾಲ ತಿಳಿದಿದ್ದೆ. ಈಗ ನನ್ನ ಮೇಜಿನ ಕೋಣೆಗೆ ಮೊಬೈಲ್ ಬರುವುದಿಲ್ಲ. ಐವತ್ತು ಕೊಳವೆಗಳನ್ನು ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಮದ್ದು ಹಾಕಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕುತ್ತೇನೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬ. ಎಷ್ಟು ತೂಕ ಹಾಕಬೇಕೆಂದು ಇಲ್ಲಿ ಬರೆಯುವುದಿಲ್ಲ. ಮದ್ದು ತಯಾರಿಸುವವರು ಅಚ್ಚು ಹಾಕಿಸಿರುವ ಕೈಪಿಡಿಯನ್ನು ನಿಮ್ಮ ಆಯುಧಕ್ಕೆ ತಕ್ಕಂತೆ ನೋಡಬೇಕೇ ಹೊರತು ಇನ್ನೊಬ್ಬರ ಬರಹದಿಂದ ಎತ್ತಿಕೊಳ್ಳಬಾರದು.

ಆ ಘಟನೆಯಾದ ಮೇಲೆ ಕರಿಮದ್ದಿನ ಕಡೆ ಹೊರಳಿದೆ. ಕೂಗಿ ನನ್ನನ್ನು ಉಳಿಸಿದ ಆ ಹಿರಿಯರೇ ಇದನ್ನೂ ಕಲಿಸಿದರು. ಪೆಟ್ಲುಪ್ಪು, ಇದ್ದಿಲು, ಗಂಧಕದ ಹಳೆಯ ಮದ್ದು ಇದು. ನಾನು ಬಳಸುವ ಕಾಳು ನೋಡಲು ಬನ್ಸಿ ರವೆಯ ಹಾಗಿದೆ, ಬಣ್ಣ ಮಾತ್ರ ಕಪ್ಪು. ಇದರ ನಿಯಮ ಹೊಗೆರಹಿತ ಮದ್ದಿಗೆ ತದ್ವಿರುದ್ಧ. ಗುಂಡಿನ ಬುಡಕ್ಕೂ ಮದ್ದಿಗೂ ನಡುವೆ ಒಂದಿಷ್ಟೂ ಖಾಲಿ ಜಾಗ ಇರಕೂಡದು. ಉದ್ದನೆಯ ಹಿತ್ತಾಳೆ ನಾಳದ ಮೂಲಕ ಮದ್ದನ್ನು ನಿಧಾನವಾಗಿ ಬೀಳಿಸಿದರೆ ಕಾಳು ಕಾಳಿಗೆ ಒತ್ತಿಕೊಂಡು ಕೂರುತ್ತದೆ. ಅದರ ಮೇಲೆ ಗುಂಡು ಇಳಿಯುವಾಗ ತುಸುವೇ ಅದುಮುವ ಅನುಭವ ಗುಂಡು ಕೂರಿಸುವ ಪ್ರೆಸ್ ಯಂತ್ರದ ಹಿಡಿಕೆಯಲ್ಲಿ ಕೈಗೆ ತಿಳಿಯುತ್ತದೆ. ಈಗಿನ ಕೊಳವೆಗಳ ತಳ ಹಳೆಯವಕ್ಕಿಂತ ದಪ್ಪ, ಆದ್ದರಿಂದ ಅಂದಿನ 40 ಗ್ರೇನ್ ಇಂದು ಹಿಡಿಸುವುದಿಲ್ಲ. ಹಿಡಿಸಲೇಬೇಕೆಂದು ಹಟ ಮಾಡಿ ಮದ್ದನ್ನು ಜಜ್ಜುವವರನ್ನು ಕಂಡಿದ್ದೇನೆ, ಅದರಿಂದ ಏನೂ ಲಾಭವಿಲ್ಲ. ಮದ್ದು ಬೀಳದೆ ಹೋದ ಕೊಳವೆಯಂತೂ ಇಲ್ಲಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಈ ಮದ್ದಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಅದರಿಂದ.

ತೊಂದರೆ ಕೊಟ್ಟದ್ದು ಮಸಿ. ಮೊದಲ ದಿನ ಹದಿನೈದು ಗುಂಡು ಹಾರಿಸುವಷ್ಟರಲ್ಲಿ ಸಿಲಿಂಡರ್ ತಿರುಗದೆ ನಿಂತಿತು. ನಾನು ತಂದಿದ್ದ ಗುಂಡುಗಳಿಗೆ ಹೊಗೆರಹಿತ ಮದ್ದಿಗೆಂದು ಮಾಡಿದ ಗಟ್ಟಿ ಮೇಣ ಹಚ್ಚಿತ್ತು. ಕರಿಮದ್ದಿನ ಮಸಿಯನ್ನು ಮೆತ್ತಗಿಡಲು ಅದರಿಂದ ಆಗುವುದಿಲ್ಲ. ಅರಿಜೋನಾದ ಒಣ ಗಾಳಿಯಲ್ಲಿ ಆ ಮಸಿ ಹಂಚಿನ ಮೇಲೆ ಸೀದ ದೋಸೆಯ ಹಾಗೆ ಗಟ್ಟಿಯಾಗುತ್ತದೆ. ಈಗ ಜೇನುಮೇಣಕ್ಕೆ ಪ್ರಾಣಿಕೊಬ್ಬು ಸೇರಿಸಿ ಕರಗಿಸಿದ ಮಿಶ್ರಣವನ್ನು, ಅಗಲವಾದ ಕಚ್ಚುಗಳಿರುವ ಮೆತ್ತನೆಯ ಸೀಸದ ಗುಂಡುಗಳಿಗೆ ತುಂಬುತ್ತೇನೆ. ನಳಿಗೆಯ ತುದಿಯಲ್ಲಿ ನಕ್ಷತ್ರದಂತೆ ಜಿಡ್ಡಿನ ಗುರುತು ಮೂಡಿದರೆ ಮೇಣ ಸಾಕಷ್ಟಿದೆ ಎಂದರ್ಥ.

ಇನ್ನೊಂದು ಕಿರಿಕಿರಿಯ ಕಾರಣ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. .45ರ ಕೊಳವೆಗಳು ಹೊರಬಂದಾಗ ಒಂದು ಪಕ್ಕ ಉದ್ದಕ್ಕೂ ಕಪ್ಪಾಗಿರುತ್ತಿದ್ದವು. ಅದರ ಬಾಯಿಯ ಹಿತ್ತಾಳೆ ದಪ್ಪ, ಕರಿಮದ್ದಿನ ಒತ್ತಡ ಸೌಮ್ಯ. ಬಾಯಿ ಸಾಕಷ್ಟು ಹಿಗ್ಗಿ ಸಿಲಿಂಡರಿನ ಮನೆಯ ಗೋಡೆಗೆ ಅಂಟಿಕೊಳ್ಳದೆ ಹೊಗೆ ಹಿಂದಕ್ಕೆ ನುಸುಳುತ್ತಿತ್ತು. .44-40 ಎಂಬ ಇನ್ನೊಂದು ಬಗೆಯ ತೋಟೆಯ ಬಾಯಿ ತೆಳು, ಅದು ತಟ್ಟನೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಅದೂ 1873ರದ್ದೇ, ವಿಂಚೆಸ್ಟರ್ ರೈಫಲ್‌ಗೆ ಬಂದದ್ದು. ಆಮೇಲೆ ಕೋಲ್ಟ್ ಕೂಡ ಅದಕ್ಕೆ ರಿವಾಲ್ವರ್ ಮಾಡಿದ್ದರಿಂದ ಎರಡೂ ಆಯುಧಗಳಿಗೆ ಒಂದೇ ಸೊಂಟಪಟ್ಟಿಯ ತೋಟೆ ಸಾಕಾಗುತ್ತಿತ್ತು. ನಾನು ಅದಕ್ಕಾಗಿಯೇ ಇನ್ನೊಂದು ರಿವಾಲ್ವರ್ ಕೊಂಡೆ. ತೆಳುಬಾಯಿಗೂ ಒಂದು ಬೆಲೆಯಿದೆ: ಪ್ರೆಸ್‌ನಲ್ಲಿ ಕೊಳವೆಯನ್ನು ಅಳತೆಗೆ ತರುವ ಅಚ್ಚಿಗೆ (ಡೈ) ಒಂದು ಕೂದಲಿನಷ್ಟು ಓರೆಯಾಗಿ ತಾಗಿದರೂ ಕಾಗದದ ಹಾಗೆ ಮಡಿಚಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಎಣ್ಣೆ ಸವರಿ, ನೇರವಾಗಿದೆಯೇ ಎಂದು ನೋಡಿ, ಹಿಡಿಕೆಯನ್ನು ನಿಧಾನವಾಗಿ ಇಳಿಸುತ್ತೇನೆ. ಅವಸರ ಮಾಡಿದ ದಿನ ಐದಾರು ಕೊಳವೆಗಳು ಗುಜರಿಗೆ ಹೋಗುತ್ತವೆ.

ತೊಳೆಯುವ ಕೆಲಸವನ್ನು ಮರುದಿನಕ್ಕೆ ಇಡುವಂತಿಲ್ಲ. ಈ ಮಸಿಯಲ್ಲಿ ಉಪ್ಪಿನ ಅಂಶವಿದೆ, ಅದು ಗಾಳಿಯ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಬಿಡದ ಆ ಮಸಿ ನೀರಿಗೆ ಬಿಡುತ್ತದೆ. ಮೈದಾನದಲ್ಲೇ ಖಾಲಿ ಕೊಳವೆಗಳನ್ನು ಸಾಬೂನು ನೀರಿನ ಡಬ್ಬಕ್ಕೆ ಹಾಕಿಕೊಳ್ಳುತ್ತೇನೆ. ಮನೆಗೆ ಬಂದೊಡನೆ ರಿವಾಲ್ವರ್ ಬಿಚ್ಚಿ ಬಿಸಿನೀರು ಹರಿಸುತ್ತೇನೆ. ಮೊದಲ ನೀರು ಶಾಯಿಯಂತೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹೊತ್ತು ಇಳಿಯುತ್ತದೆ. ಮೂರನೆಯ ಸಲಕ್ಕೆ ತಿಳಿಯಾಗುತ್ತದೆ. ಬಿಸಿಯಿದ್ದಾಗಲೇ ಒರೆಸಿ ಎಣ್ಣೆಯ ಬಟ್ಟೆ ಆಡಿಸಿದರೆ ಒಂದು ಕಲೆಯೂ ಉಳಿಯುವುದಿಲ್ಲ. ಕೊಳವೆಗಳನ್ನು ಹಿತ್ತಿಲಲ್ಲಿ ಹಳೆಯ ಪಂಚೆಯ ಮೇಲೆ ಹರಡುತ್ತೇನೆ. ಇಲ್ಲಿನ ಬಿಸಿಲಿಗೆ ಅವು ಒಂದು ಗಂಟೆಯೊಳಗೆ ಒಣಗುತ್ತವೆ. ಆಮೇಲೆ ಬಾಯಿಯಲ್ಲಿ ಸೀಳು ಬಿಟ್ಟಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಸೀಳಿದ್ದನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಎಸೆಯುತ್ತೇನೆ.