ಹೊಳಪಿಗಿಂತ ಮೊದಲು ನುಣುಪು: ಮಾಡೆಲ್‌ಗೆ ಗ್ಲಾಸಿ ಕ್ಲಿಯರ್ ಕೋಟ್ ಹೊಡೆಯುವುದು ಹೇಗೆ?

ಯಲಹಂಕದ ಏರೋ ಇಂಡಿಯಾದಲ್ಲಿ ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳು ಒಟ್ಟಿಗೆ ವಾಲಿದಾಗ ಆ ಕೆಂಪು-ಬಿಳಿ ಮೈ ಮೇಲೆ ಬಿಸಿಲು ಜಾರುವುದನ್ನು ನೀವು ನೋಡಿರಬಹುದು. ತಂಡದ ನೆಲೆ ಬೀದರ್. ವಿಮಾನ ತಯಾರಾಗಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ, ಪರವಾನಗಿಯ ಮೇಲೆ. ನಮ್ಮೂರಿನದೇ ಅನ್ನಿಸುವ ವಿಮಾನ ಅದು. ಅದನ್ನೇ 1/72 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಆಗಿ ಮಾಡಲು ಕೂತೆ. ಇಡೀ ವಿಮಾನ ಒಂದು ಗೇಣುದ್ದವೂ ಬರಲ್ಲ. ಬಣ್ಣ ಚೆನ್ನಾಗಿಯೇ ಬಂತು. ಆದರೆ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ, ಅಕ್ಷರ-ಚಿಹ್ನೆಗಳಿರುವ ತೆಳು ಪದರ) ಅಂಟಿಸಿದ ಮರುದಿನ ನೋಡಿದರೆ ಅಕ್ಷರಗಳ ಸುತ್ತ ಮಂಜು ಕವಿದ ಹಾಗೆ ಬೆಳ್ಳಿ ಬಣ್ಣದ ಮಬ್ಬು. ಓರೆಯಾಗಿ ಹಿಡಿದರೆ ಡೆಕಾಲಿನ ಅಂಚೆಲ್ಲ ಎದ್ದು ಕಾಣುತ್ತಿತ್ತು. ತುಂಬಾ ಬೇಜಾರಾಯಿತು. ಡೆಕಾಲಿಗೆ ಮೊದಲು ಹೊಡೆಯಬೇಕಿದ್ದ ಕ್ಲಿಯರ್ ಕೋಟನ್ನು, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪವನ್ನು, ನಾನು ಬಿಟ್ಟುಬಿಟ್ಟಿದ್ದೆ.

ಗ್ಲಾಸಿ ಕ್ಲಿಯರ್ ಅಂದರೆ ಕೊನೆಯಲ್ಲಿ ಮೆರುಗು ಕೊಡೋದು ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದರ ದೊಡ್ಡ ಕೆಲಸ ನಡುವಿನಲ್ಲಿದೆ. ಮ್ಯಾಟ್ ಬಣ್ಣ, ಅಂದರೆ ಹೊಳಪಿಲ್ಲದ ಬಣ್ಣ, ಕಣ್ಣಿಗೆ ಸಮವಾಗಿ ಕಂಡರೂ ಭೂತಗನ್ನಡಿಯಲ್ಲಿ ನೋಡಿದರೆ ತರಿತರಿಯಾಗಿರುತ್ತದೆ. ಸಿಮೆಂಟು ಬಳಿದು ಹಾಗೇ ಬಿಟ್ಟ ಅಂಗಳ ಇದ್ದ ಹಾಗೆ. ಅದರ ಮೇಲೆ ತೆಳು ಡೆಕಾಲ್ ಕೂತಾಗ ಉಬ್ಬುಗಳಿಗಷ್ಟೇ ತಾಗುತ್ತದೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಆ ಗಾಳಿಯೇ ಬೆಳ್ಳಗೆ ಕಾಣೋದು. ಮಾಡೆಲ್ ಮಾಡುವವರು ಇದನ್ನು ಸಿಲ್ವರಿಂಗ್ ಅನ್ನುತ್ತಾರೆ. ಕ್ಲಿಯರ್ ಕೋಟ್ ಆ ತಗ್ಗುಗಳನ್ನು ತುಂಬಿ, ತಿಕ್ಕಿ ತಿಕ್ಕಿ ನುಣುಪಾದ ಹಳೇ ಮನೆಯ ಕೆಂಪು ನೆಲದ ಹಾಗೆ ಮಾಡುತ್ತದೆ. ಆಮೇಲೆ ಡೆಕಾಲ್ ಒತ್ತಿ ಕೂರುತ್ತದೆ.

ಯಾವುದು ಆರಿಸಬೇಕು?

ಮೂರು ಜಾತಿಯ ಕ್ಲಿಯರ್ ಸಿಗುತ್ತವೆ: ಆಕ್ರಿಲಿಕ್, ಲ್ಯಾಕರ್, ಎನಾಮಲ್.

ಎನಾಮಲ್ ಬಗ್ಗೆ ಮೊದಲು ಹೇಳಿ ಮುಗಿಸುತ್ತೇನೆ. ಚೆನ್ನಾಗಿ ಹರಡುತ್ತದೆ, ಆದರೆ ನಿಧಾನ ಒಣಗುತ್ತದೆ. ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ಬಿಳಿ ಬಣ್ಣದ ಮಾಡೆಲ್‌ಗೆ ಬೇಡವೇ ಬೇಡ.

ಲ್ಯಾಕರ್ ಬೇಗ ಒಣಗುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ. ಉಜ್ಜಿ ಪಾಲಿಶ್ ಮಾಡಿದರೆ ಕನ್ನಡಿಯಂತಾಗುತ್ತದೆ. 1/24 ಅಳತೆಯ ಕಾರುಗಳಿಗೆ ಇದೇ ಸರಿ. ಟಮಿಯಾದ ಟಿಎಸ್-13 ಸ್ಪ್ರೇ ಕ್ಯಾನ್, ಮಿಸ್ಟರ್ ಕಲರ್‌ನ ಜಿಎಕ್ಸ್-100 ಈ ಜಾತಿಯವು. ತೊಂದರೆ ಏನೆಂದರೆ ಅದರ ದ್ರಾವಕ ಬಲು ಖಾರ. ದಪ್ಪಗೆ ಬಿದ್ದರೆ ಕೆಳಗಿನ ಡೆಕಾಲ್ ಸುಕ್ಕಾಗಬಹುದು, ಕೆಂಪು ಬಣ್ಣ ಕರಗಿ ಪಕ್ಕದ ಬಿಳಿಗೆ ಇಳಿಯಬಹುದು. ಒಣಗಿದ ಎನಾಮಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆದರೆ ಬಣ್ಣವೇ ಬಿರುಕು ಬಿಡುವ ಅಪಾಯ ಇದೆ.

ಹಾಗಾಗಿ ಕೆಂಪು-ಬಿಳಿ ಹಾಕ್‌ಗೆ ನಾನು ಆಕ್ರಿಲಿಕ್ ಆರಿಸಿದೆ: ಟಮಿಯಾ ಎಕ್ಸ್-22. 10 ಮಿ.ಲೀ. ಮತ್ತು 23 ಮಿ.ಲೀ. ಬಾಟಲಿಗಳಲ್ಲಿ ಬರುತ್ತದೆ. ಕೆಳಗೆ ಯಾವ ಬಣ್ಣವಿದ್ದರೂ ಅದರ ಮೇಲೆ ಸಾಮಾನ್ಯವಾಗಿ ಜಗಳವಿಲ್ಲದೆ ಕೂರುತ್ತದೆ. ಚೆನ್ನಾಗಿ ಒಣಗಿದ ಮೇಲೆ ತಗಡುಗಳ ನಡುವಿನ ಗೆರೆಗಳಿಗೆ ಎನಾಮಲ್ ವಾಶ್ (ತುಂಬಾ ತೆಳು ಮಾಡಿದ ಬಣ್ಣ) ಹಾಕಿ ಒರೆಸಿದರೂ ತಡೆದುಕೊಳ್ಳುತ್ತದೆ. ಮೊದಲ ಸಲ ಮಾಡುವವರಿಗೂ ಇದನ್ನೇ ಹೇಳುತ್ತೇನೆ.

ಕಾರುಗಳಿಗೆ ಎರಡು ಭಾಗ ಬೆರೆಸಿ ಹೊಡೆಯುವ ಟೂ-ಕೆ ಕ್ಲಿಯರ್ ಕೂಡ ಇದೆ. ಹೊಳಪಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ, ಉಸಿರಿನಲ್ಲಿ ಒಳಹೋದರೆ ಆಸ್ತಮಾ ಬರಿಸುವಂಥದ್ದು. ಮನೆಯ ಬಾಲ್ಕನಿಯಲ್ಲಿ ಅದನ್ನು ಹೊಡೆಯಬೇಡಿ.

ಹೊಡೆಯುವ ದಿನ

ಮೊದಲು ಆಕಾಶ ನೋಡಿ. ಇದು ತಮಾಷೆಗೆ ಹೇಳುವ ಮಾತಲ್ಲ. ಸ್ಪ್ರೇ ಮಾಡಿದ ದ್ರಾವಕ ಆರುವಾಗ ಮಾಡೆಲಿನ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣನೆ ಮೈ ಮೇಲೆ ನೀರು ಕೂತು, ಪಾರದರ್ಶಕ ಕೋಟ್ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ. ಇದಕ್ಕೆ ಬ್ಲಶಿಂಗ್ ಅನ್ನುತ್ತಾರೆ. ಬೇಗ ಆರುವ ಲ್ಯಾಕರ್‌ನಲ್ಲಿ ಇದು ಹೆಚ್ಚು. ಮಂಗಳೂರು, ಉಡುಪಿ ಕಡೆಯವರು ಜುಲೈ ತಿಂಗಳಲ್ಲಿ ಲ್ಯಾಕರ್ ಕ್ಯಾನ್ ಮುಟ್ಟದಿರುವುದೇ ಒಳ್ಳೆಯದು. ತೇವ ತೋರಿಸುವ ಸಣ್ಣ ಮೀಟರ್ ಒಂದು ಮೇಜಿನ ಮೇಲಿರಲಿ. ಅದು ಶೇಕಡಾ 70 ದಾಟಿದ್ದರೆ ನಾನು ಕೆಲಸ ಮುಂದಕ್ಕೆ ಹಾಕುತ್ತೇನೆ.

ಬಣ್ಣ ಹೊಡೆದು ಒಂದು ದಿನವಾದರೂ ಆಗಿರಲಿ. ಮೈ ಮೇಲೆ ಬೆರಳಿನ ಎಣ್ಣೆ ಇದ್ದರೆ ಕ್ಲಿಯರ್ ಅಲ್ಲಲ್ಲಿ ದೂರ ಸರಿದು ಮೀನುಕಣ್ಣಿನಂಥ ಕುಳಿ ಬೀಳುತ್ತದೆ. ಅದಕ್ಕೇ ಕೈಗವಸು ಹಾಕಿ ಹಿಡಿಯಿರಿ. ಕೋಣೆಯ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಮೇಲೆ ಶುರು ಮಾಡಿ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಧೂಳೆಲ್ಲ ಹಸಿ ಕೋಟಿನ ಮೇಲೆ ಬಂದು ಕೂರುತ್ತದೆ. ಕಿಟಕಿ ಮಾತ್ರ ತೆರೆದಿರಲಿ. ಹತ್ತಿರದಲ್ಲಿ ಒಲೆ, ದೇವರ ದೀಪ, ಊದುಬತ್ತಿ ಏನೂ ಉರಿಯುತ್ತಿರಬಾರದು. ಬಟ್ಟೆಯ ಮಾಸ್ಕ್ ಆಗಲಿ, ಎನ್-95 ಆಗಲಿ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಇದ್ದರೆ ಎಕ್ಸ್-22 ಒಂದು ಪಾಲು, ಥಿನ್ನರ್ ಒಂದು ಪಾಲು ಬೆರೆಸಿ. ಟಮಿಯಾದ ಎಕ್ಸ್-20ಎ ಥಿನ್ನರ್ ನಡೆಯುತ್ತದೆ. ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಸಿಕ್ಕರೆ ಇನ್ನೂ ಒಳ್ಳೆಯದು, ಅದು ನಿಧಾನ ಆರುವುದರಿಂದ ಕೋಟ್ ತಾನಾಗಿಯೇ ಸಮನಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಬೆರೆಸಬೇಡಿ. ಅದು ಪ್ಲಾಸ್ಟಿಕ್ಕನ್ನೇ ತಿನ್ನಬಹುದು. ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ ಸಾಕು. ಸ್ಪ್ರೇ ಕ್ಯಾನ್ ಆದರೆ ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ, ಒರೆಸಿ, ಚೆನ್ನಾಗಿ ಅಲ್ಲಾಡಿಸಿ. ಹನಿ ಸಣ್ಣದಾಗಿ ಬರುತ್ತದೆ. ಬಿಸಿ ನೀರು, ಒಲೆ, ಬಿಸಿಲು ಇವುಗಳ ಹತ್ತಿರ ಕ್ಯಾನ್ ಬೇಡ, ಸಿಡಿಯುತ್ತದೆ.

ಮಾಡೆಲ್ ಮುಟ್ಟುವ ಮೊದಲು ಒಂದು ಬಿಳಿ ಪ್ಲಾಸ್ಟಿಕ್ ಚಮಚಕ್ಕೆ ಅದೇ ಬಣ್ಣ, ಅದೇ ಕ್ಲಿಯರ್ ಹೊಡೆದು ನೋಡಿ. ವಿಮಾನದ ಮೈಯಂತೆ ಅದಕ್ಕೂ ಉಬ್ಬು ತಗ್ಗು ಎರಡೂ ಇರುತ್ತದೆ. ಎಲ್ಲಿ ಸೋರುತ್ತದೆ, ಎಲ್ಲಿ ಒಣಗಿ ತರಿಯಾಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಒಂದೊಂದೇ ಕೋಟ್

ಹಳ್ಳಿಯಲ್ಲಿ ಗೋಡೆಗೆ ಸುಣ್ಣ ಹೊಡೆಯುವವರನ್ನು ನೋಡಿದ್ದೀರಾ? ಮೊದಲ ಕೈ ನೀರು ನೀರಾಗಿರುತ್ತದೆ, ಗೋಡೆ ಕಂಡೂ ಕಾಣದ ಹಾಗಿರುತ್ತದೆ. ಕ್ಲಿಯರ್‌ಗೂ ಅದೇ ಲೆಕ್ಕ. ಮೊದಲ ಕೋಟ್ ಮಂಜಿನ ಹಾಗೆ ಮೇಲೆ ಮೇಲೆ ಬೀಳಲಿ. ಈ ಹಂತದಲ್ಲಿ ಹೊಳೆಯುವುದಿಲ್ಲ, ಹೆದರಬೇಡಿ. ಹತ್ತು-ಹದಿನೈದು ನಿಮಿಷ ಬಿಟ್ಟು ಇನ್ನೊಂದು ಅಂಥದ್ದೇ ಕೋಟ್ ಕೊಡಿ. ಮುಂದಿನ ಕೋಟಿಗೆ ಇವೇ ಹಿಡಿತ ಕೊಡೋದು.

ಮೂರನೆಯದು ಹಸಿ ಕೋಟ್. ಕಣ್ಣಿಟ್ಟು ಮಾಡಬೇಕಾದ ಕೆಲಸ ಇದು. ಏರ್‌ಬ್ರಷ್ ಮೈಗೆ ಸ್ವಲ್ಪ ಹತ್ತಿರ ತನ್ನಿ. ಕ್ಯಾನ್ ಆದರೆ 20 ಸೆಂ.ಮೀ. ಸುತ್ತಮುತ್ತ. ರೆಕ್ಕೆಯ ಹೊರಗೆ ಗುಂಡಿ ಒತ್ತಿ, ರೆಕ್ಕೆ ದಾಟಿದ ಮೇಲೆ ಬಿಡಿ. ಕೈ ಒಂದೇ ವೇಗದಲ್ಲಿ ಹೋಗಲಿ. ಬೆಳಕಿಗೆ ಓರೆಯಾಗಿ ಹಿಡಿದು, ಕಿಟಕಿಯ ಪ್ರತಿಬಿಂಬ ಮೈಯಲ್ಲಿ ಮೂಡುವುದನ್ನೇ ನೋಡುತ್ತಿರಿ. ಮೊದಲು ಸಣ್ಣ ಸಣ್ಣ ಹನಿ ಕಾಣುತ್ತದೆ. ಹನಿಗಳು ಒಂದನ್ನೊಂದು ಕೂಡಿಕೊಳ್ಳುತ್ತವೆ. ಕಿಟಕಿಯ ಸರಳುಗಳು ರೆಕ್ಕೆಯಲ್ಲಿ ನೇರವಾಗಿ ಮೂಡಿದ ಗಳಿಗೆಯಲ್ಲೇ ಕೈ ಮುಂದೆ ಹೋಗಬೇಕು. ಅಲ್ಲೇ ಒಂದು ಕ್ಷಣ ನಿಂತರೂ ಕ್ಲಿಯರ್ ಸೋರುತ್ತದೆ, ರೆಕ್ಕೆ ಮೈಗೆ ಸೇರುವ ಮೂಲೆಯಲ್ಲಿ ಮಡುಗಟ್ಟುತ್ತದೆ. ಹಾಗೆ ಮಡುಗಟ್ಟಿದ್ದನ್ನು ಒಣಗಿದ ಕುಂಚದ ತುದಿಯಿಂದ ತಕ್ಷಣ ಹೀರಿ ತೆಗೆಯಿರಿ. ತಡವಾದರೆ ಮುಟ್ಟಬೇಡಿ, ಪೂರ್ತಿ ಒಣಗಲಿ, ಆಮೇಲೆ ಉಜ್ಜಬಹುದು.

ತೆಳುವಾಗಿರಲಿ ಅಂತ ಯಾಕೆ ಇಷ್ಟು ಹೇಳುತ್ತೇನೆ ಗೊತ್ತಾ? 1/72 ಮಾಡೆಲಿನ ಮೇಲೆ 0.1 ಮಿ.ಮೀ. ದಪ್ಪ ಅಂದರೆ ನಿಜವಾದ ವಿಮಾನದ ಮೇಲೆ 7.2 ಮಿ.ಮೀ. ದಪ್ಪ ಬಳಿದ ಹಾಗೆ. ಅಷ್ಟು ಬಳಿದರೆ ತಗಡುಗಳ ನಡುವಿನ ಗೆರೆಗಳೆಲ್ಲ ಮುಚ್ಚಿ ಹೋಗುತ್ತವೆ, ವಿಮಾನ ಸಕ್ಕರೆ ಪಾಕದಲ್ಲಿ ಅದ್ದಿದಂತೆ ಕಾಣುತ್ತದೆ.

ಹೊಡೆದಾದ ಕೂಡಲೇ ರಟ್ಟಿನ ಡಬ್ಬಿ ಮುಚ್ಚಿಡಿ. ಮುಟ್ಟಲು ಒಂದೆರಡು ಗಂಟೆಯಲ್ಲೇ ಒಣಗಿದಂತೆ ಅನ್ನಿಸುತ್ತದೆ, ಆದರೆ 24 ಗಂಟೆಯಾದರೂ ಬಿಡಿ. ಮಳೆಗಾಲದಲ್ಲಿ ಎರಡು ದಿನ.

ಡೆಕಾಲ್, ಮತ್ತೆ ಕೋಟ್

ಈಗ ಡೆಕಾಲ್. ಜಾಗಕ್ಕೆ ಮೈಕ್ರೋ ಸೆಟ್ (ಡೆಕಾಲ್ ಅಂಟಲು ನೆರವಾಗುವ ದ್ರವ) ಸವರಿ, ನೀರಲ್ಲಿ ನೆನೆಸಿದ ಡೆಕಾಲನ್ನು ಜಾರಿಸಿ ಕೂರಿಸಿ, ಹತ್ತಿಯಿಂದ ನಡುವಿನಿಂದ ಅಂಚಿಗೆ ಒತ್ತಿ. ಮೇಲೆ ಮೈಕ್ರೋ ಸಾಲ್ ಎಂಬ ಇನ್ನೊಂದು ದ್ರವ ಹಚ್ಚಿದರೆ ಡೆಕಾಲ್ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿದೇ ಹೋಗುತ್ತದೆ. ಸುಮ್ನೆ ಬಿಡಿ, ಆರುವಾಗ ತಾನೇ ಬಿಗಿದುಕೊಂಡು ಗೆರೆಗಳೊಳಗೆ ಇಳಿಯುತ್ತದೆ. ಎಲ್ಲಾದರೂ ಬೆಳ್ಳಿ ಮಬ್ಬು ಉಳಿದರೆ ಸೂಜಿಯಿಂದ ಚುಚ್ಚಿ ಇನ್ನೊಂದು ಹನಿ ಬಿಡಿ. ನನ್ನ ಹಾಕ್‌ನ ಹಳೇ ಡೆಕಾಲನ್ನೂ ಒಂದಿಷ್ಟು ಹೀಗೇ ಉಳಿಸಿಕೊಂಡೆ, ಪೂರ್ತಿ ಅಲ್ಲ. ಮರುದಿನ ಒದ್ದೆ ಬಟ್ಟೆಯಲ್ಲಿ ಅಂಟಿನ ಕಲೆ ಒರೆಸಿ ತೆಗೆಯಿರಿ.

ಆಮೇಲೆ ಡೆಕಾಲಿನ ಮೇಲೆ ಇನ್ನೆರಡು ತೆಳು ಕೋಟ್, ಅಂಚು ಮರೆಯಾಗಲು. ಲ್ಯಾಕರ್ ಬಳಸುವವರು ಇಲ್ಲಿ ಮಂಜಿನ ಕೋಟನ್ನೇ ನಾಲ್ಕೈದು ಸಲ ಕೊಟ್ಟು, ಹಸಿ ಕೋಟನ್ನು ಕೊನೆಗೆ ಇಟ್ಟುಕೊಳ್ಳಿ.

ಕೊನೆಯ ಹೊಳಪು ಎಷ್ಟಿರಬೇಕು ಎಂಬುದನ್ನು ನಿಜವಾದ ವಿಮಾನವೇ ಹೇಳುತ್ತದೆ. ಬೂದು ಬಣ್ಣದ ಯುದ್ಧ ವಿಮಾನವಾದರೆ ಇದರ ಮೇಲೆ ಮ್ಯಾಟ್ ಅಥವಾ ಸೆಮಿ-ಗ್ಲಾಸ್ (ಅರೆ ಹೊಳಪಿನ) ಕ್ಲಿಯರ್ ಬರಬೇಕು. ಸೂರ್ಯಕಿರಣ್‌ಗೆ ಹೊಳಪೇ ಚೆಂದ. ಕ್ರೋಮ್ ಬಣ್ಣದ ಭಾಗಕ್ಕೆ ಮಾತ್ರ ಕ್ಲಿಯರ್ ತಾಗಿಸಬೇಡಿ, ಕನ್ನಡಿಯಂಥ ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗುತ್ತದೆ.

ಕಾರು ಮಾಡುವವರಿಗೆ ಇನ್ನೊಂದು ಹಂತವಿದೆ. ಲ್ಯಾಕರ್ ಕೋಟನ್ನು ಒಂದು ವಾರ ಬಿಟ್ಟು, 2000 ನಂಬರಿನ ವಾಟರ್ ಪೇಪರನ್ನು ಸೋಪು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳನ್ನು ಬಿಡಿ, ಅಲ್ಲಿ ಕೋಟ್ ತೆಳುವಾಗಿರುತ್ತದೆ, ಎರಡೇ ಉಜ್ಜಿಗೆ ಬಣ್ಣ ಹೋಗುತ್ತದೆ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಪಾಲಿಶಿಂಗ್ ಕಾಂಪೌಂಡ್, ಮೊದಲು ಒರಟು, ಕೊನೆಗೆ ನಯ.

ಏರ್‌ಬ್ರಷ್ಷನ್ನು ಕೆಲಸ ಮುಗಿದ ಕೂಡಲೇ ಥಿನ್ನರ್‌ನಲ್ಲಿ ತೊಳೆಯಿರಿ. ಕ್ಲಿಯರ್‌ಗೆ ಬಣ್ಣವಿಲ್ಲ, ಏರ್‌ಬ್ರಷ್ಷಿನ ಬಣ್ಣದ ಬಟ್ಟಲಿನಲ್ಲಿ ಉಳಿದದ್ದು ಕಣ್ಣಿಗೆ ಬೀಳಲ್ಲ. ಮರುದಿನ ಸೂಜಿ ಎಳೆಯಲು ಹೋದಾಗಲೇ ಗೊತ್ತಾಗೋದು. ಕಾಕ್‌ಪಿಟ್ ಗಾಜಿಗೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಎಲ್ಲಕ್ಕಿಂತ ಕೊನೆಗೆ, ಒಂದು ಮೂಲೆಯಿಂದ ಹಿಂದಕ್ಕೆ ಮಡಿಸಿಕೊಂಡು ನಿಧಾನ ಎಳೆಯಿರಿ.