ಬ್ರಿಟನ್ನಿನ ವಿವಾಹಿತೆಯರ ಪಿಂಚಣಿ: ಹಕ್ಕೊತ್ತಾಯ ಮಂಡಿಸುವುದು ಹೇಗೆ?

ಮಕ್ಕಳನ್ನು ಸಾಕುವುದರಲ್ಲೇ ವರ್ಷಗಳನ್ನು ಕಳೆದ ಅಥವಾ ವಿವಾಹಿತೆಯರಿಗೆಂದೇ ಇದ್ದ ಕಡಿಮೆ ದರದ ವಂತಿಗೆ ಕಟ್ಟಿದ ಮಹಿಳೆಗೆ, ಗಂಡನ ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ ಮುಂತಾದವುಗಳಿಗಾಗಿ ವಂತಿಗೆ ಕಟ್ಟುವ ಸರ್ಕಾರಿ ವಿಮೆ) ದಾಖಲೆಯ ಆಧಾರದ ಮೇಲೆ ಸರ್ಕಾರಿ ಮೂಲ ಪಿಂಚಣಿಯ ಸುಮಾರು ಶೇ 60ರವರೆಗೆ ಕೊಡುವ ನಿಯಮ ಬ್ರಿಟನ್ನಿನಲ್ಲಿದೆ. 2016ರ ಏಪ್ರಿಲ್ 6ಕ್ಕಿಂತ ಮೊದಲು ಪಿಂಚಣಿ ವಯಸ್ಸು ತಲುಪಿದವರಿಗೆ ಇದು ಅನ್ವಯಿಸುತ್ತದೆ. 2024–25ರಲ್ಲಿ ಈ ಮೊತ್ತ ವಾರಕ್ಕೆ ಗರಿಷ್ಠ 101.55 ಪೌಂಡ್ ಇತ್ತು. ಅನೇಕರಿಗೆ ಇದು ಸರಿಯಾಗಿ ಸಿಕ್ಕಿಲ್ಲವೆಂಬುದನ್ನು 2020ರಲ್ಲಿ ಮಾಜಿ ಪಿಂಚಣಿ ಸಚಿವ ಸ್ಟೀವ್ ವೆಬ್ ಬೆಳಕಿಗೆ ತಂದರು. ಮರುವರ್ಷ ಸರ್ಕಾರವೇ ದಾಖಲೆಗಳಲ್ಲಿನ ತಪ್ಪುಗಳನ್ನು ಸರಿಪಡಿಸಲು ತೊಡಗಿತು.

ಮೊದಲು ನೋಡಬೇಕಾದದ್ದು ಗಂಡನಿಗೆ 65 ತುಂಬಿದ ದಿನಾಂಕ. ಅದು 2008ರ ಮಾರ್ಚ್ 17 ಅಥವಾ ನಂತರದ್ದಾಗಿದ್ದರೆ ಗಂಡನ ದಾಖಲೆಯ ಮೇಲೆ ಸಿಗುವ ಈ ಹೆಚ್ಚಳ ತಾನಾಗಿಯೇ ಬರಬೇಕಿತ್ತು, ಆದ್ದರಿಂದ ಪೂರ್ತಿ ಬಾಕಿಯನ್ನು ಕೇಳಬಹುದು. ಅದಕ್ಕಿಂತ ಮುಂಚಿನದಾಗಿದ್ದರೆ ಪತ್ನಿಯೇ ಅರ್ಜಿ ಹಾಕಬೇಕಿತ್ತು. ಈಗ ಹಾಕಿದರೂ ಹಿಂದಿನ 12 ತಿಂಗಳ ಹಣವಷ್ಟೇ ಸಿಗುತ್ತದೆ. ಅರ್ಜಿ ಹಾಕಬೇಕೆಂಬುದೇ ತಿಳಿಯದಿದ್ದವರಿಗೆ ಈ ಮಿತಿ ಅನ್ಯಾಯವೇ ಸರಿ, ಹೋರಾಟದ ಮುಖ್ಯ ಬೇಡಿಕೆಯೂ ಅದನ್ನು ತೆಗೆಯಬೇಕೆಂಬುದೇ ಆಗಿರಬೇಕು. ಪಿಂಚಣಿ ವಯಸ್ಸನ್ನು ಏರಿಸಿದ್ದರ ವಿರುದ್ಧ 1950ರ ದಶಕದಲ್ಲಿ ಜನಿಸಿದ ಮಹಿಳೆಯರು ನಡೆಸುತ್ತಿರುವ ಹೋರಾಟ ಬೇರೆಯೇ ವಿಚಾರ. ಎರಡನ್ನೂ ಒಂದೇ ಮನವಿಯಲ್ಲಿ ಬೆರೆಸಿದರೆ ಎರಡೂ ಸೊರಗುತ್ತವೆ.

ಬಳಿಕ ಪಿಂಚಣಿ ಕಚೇರಿಗೆ ಹೀಗೆ ಬರೆಯಿರಿ: “ನನ್ನ ಪತಿಗೆ ಇಂಥ ದಿನ 65 ತುಂಬಿತು. ಅವರ ದಾಖಲೆಯ ಆಧಾರದ ಮೇಲೆ ನನಗೆ ಸಲ್ಲಬೇಕಾದ ಪಿಂಚಣಿಯ ಲೆಕ್ಕವನ್ನು ಲಿಖಿತವಾಗಿ ಕೊಡಿ.” ವಿವಾಹ ಪ್ರಮಾಣಪತ್ರದ ಪ್ರತಿ ಮತ್ತು ಇಬ್ಬರ ಇನ್ಶೂರೆನ್ಸ್ ಸಂಖ್ಯೆ ಜೊತೆಗಿರಲಿ. ತೀರ್ಮಾನ ತಪ್ಪೆನಿಸಿದರೆ ಮರುಪರಿಶೀಲನೆ ಕೇಳಿ, ಆಮೇಲೆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಆಡಳಿತದ ಲೋಪವಾದರೆ, ಇಲಾಖೆಯಲ್ಲಿ ದೂರು ಮುಗಿದ ನಂತರ ಸಂಸದರ ಮೂಲಕ, ಸರ್ಕಾರಿ ಕಚೇರಿಗಳ ವಿರುದ್ಧದ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ಬಳಿಗೆ ಹೋಗಬೇಕು.

ಸಂಸದರು ಕ್ಷೇತ್ರದ ಜನರನ್ನು ಭೇಟಿಯಾಗುವ ದಿನ, ಇದೇ ತೊಂದರೆಯಲ್ಲಿರುವ ನಾಲ್ಕಾರು ಮಹಿಳೆಯರು ತಮ್ಮ ಲೆಕ್ಕಪತ್ರಗಳೊಂದಿಗೆ ಒಟ್ಟಾಗಿ ಹೋದರೆ ಮಾತಿಗೆ ತೂಕ ಬರುತ್ತದೆ. ಗಂಡನ ಉದ್ಯೋಗದ ನಿಮಿತ್ತ ಹೋಗಿ ಅಲ್ಲಿಯೇ ನೆಲೆಸಿದ ಹಿರಿಯ ಕನ್ನಡತಿಯರಿದ್ದರೆ ಅವರನ್ನೂ ಕರೆದೊಯ್ಯಿರಿ, ಇಂಗ್ಲಿಷಿನ ಅಳುಕಿಗೆ ಅವರು ಹಿಂದುಳಿಯಬಾರದು. ಸಂಸತ್ತಿನ ಆನ್‌ಲೈನ್ ಮನವಿಗೆ 10,000 ಸಹಿ ಬಿದ್ದರೆ ಸರ್ಕಾರ ಉತ್ತರಿಸುತ್ತದೆ, 1,00,000 ಬಿದ್ದರೆ ಚರ್ಚೆಗೆ ಪರಿಗಣಿಸಲಾಗುತ್ತದೆ. ಬ್ರಿಟನ್ನಿನ ನಿವಾಸಿಗಳು ಮತ್ತು ಬ್ರಿಟಿಷ್ ಪೌರರು ಮಾತ್ರ ಸಹಿ ಹಾಕಬಹುದಾದ್ದರಿಂದ, ಊರಿನಲ್ಲಿರುವ ಬಂಧುಗಳು ಹಳೆಯ ಕಾಗದಪತ್ರ ಹುಡುಕಿಕೊಡುವ ನೆರವು ನೀಡಲಿ.