ಫ್ರಾನ್ಸಿನ ನದಿ ಕಣಿವೆಗಳಲ್ಲಿ ಗ್ರಾವೆಲ್ ಸೈಕಲ್: ಕಿಲೋಮೀಟರ್ ಬಿಡಿ, ಏರು ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಕೂತು ಫ್ರಾನ್ಸಿನ ಮ್ಯಾಪ್ ನೋಡುವವರೆಲ್ಲ ಹಾಕುವ ಲೆಕ್ಕ ಹೆಚ್ಚುಕಡಿಮೆ ಒಂದೇ. ನದಿ ಪಕ್ಕದ ದಾರಿ ಅಲ್ವಾ, ಸಪಾಟಾಗಿರುತ್ತದೆ, ದಿನಕ್ಕೆ ನೂರು ಕಿಲೋಮೀಟರ್ ಆರಾಮಾಗಿ ಹೊಡೆಯಬಹುದು. ಆಗಲ್ಲ. ನೈಋತ್ಯ ಫ್ರಾನ್ಸಿನ ದೋರ್ದೋನ್, ವೆಜೇರ್, ಸೆಲೇ, ಲೊಟ್ ನದಿಗಳು ಸುಣ್ಣಕಲ್ಲಿನ ನೆಲವನ್ನು ಆಳವಾಗಿ ಕೊರೆದುಕೊಂಡು ಹರಿಯುತ್ತವೆ. ದಡದ ಉದ್ದಕ್ಕೂ ಇರುವುದು ಬಹುಪಾಲು ಟಾರು ರಸ್ತೆ. ಗ್ರಾವೆಲ್ ಸೈಕಲ್ಲಿಗೆ, ಅಂದರೆ ಜಲ್ಲಿ ಮಣ್ಣು ದಾರಿಗೆಂದೇ ಮಾಡಿದ ಸೈಕಲ್ಲಿಗೆ, ಬೇಕಾದ ಜಲ್ಲಿ ದಾರಿ, ಓಕ್ ಕಾಡು, ಚೆಸ್ಟ್‌ನಟ್ ಕಾಡು ಎಲ್ಲ ಇರುವುದು ಮೇಲೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ 150ರಿಂದ 250 ಮೀಟರ್ ಹತ್ತಬೇಕು, ಅಷ್ಟೇ ಇಳಿಯಬೇಕು, ಮತ್ತೆ ಹತ್ತಬೇಕು. ದಿನಕ್ಕೆ 50–60 ಕಿಲೋಮೀಟರ್, ಸಾವಿರ ಮೀಟರ್ ಏರು ಅಂತ ಇಟ್ಟುಕೊಳ್ಳಿ. ಬ್ಯಾಗ್ ಹೊತ್ತ ಸೈಕಲ್ಲಿಗೆ ಅದು ಸಾಕಷ್ಟಾಯಿತು.

ತಯಾರಿಗೆ ನಂದಿ ಬೆಟ್ಟ ಒಂದನ್ನೇ ನಂಬಬೇಡಿ. ಅದು ಒಂದೇ ಉದ್ದದ ಏರು, ಮೇಲೆ ಹೋಗಿ ಟೀ ಕುಡಿದು ಇಳಿದು ಬಂದರೆ ಮುಗಿಯಿತು. ಫ್ರಾನ್ಸಿನಲ್ಲಿ ಬೇಕಾಗಿರುವುದು ಮೇಲಿಂದ ಮೇಲೆ ಬರುವ ಚಿಕ್ಕ ಕಡಿದಾದ ಏರುಗಳನ್ನು ಇಡೀ ದಿನ ಹತ್ತುವ ಶಕ್ತಿ. ಅದಕ್ಕೆ ಅರ್ಕಾವತಿಯೇ ಒಳ್ಳೆ ಮೇಷ್ಟ್ರು. ನಂದಿಯಲ್ಲಿ ಹುಟ್ಟಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಸಾವನದುರ್ಗ–ಮಂಚನಬೆಲೆ ಕಡೆಯ ಹಳ್ಳಿ ದಾರಿಗಳಲ್ಲಿ, ಫ್ರಾನ್ಸಿಗೆ ಒಯ್ಯುವ ಬ್ಯಾಗುಗಳನ್ನೇ ತುಂಬಿ ಕಟ್ಟಿಕೊಂಡು, ಶನಿವಾರ ಭಾನುವಾರ ಎರಡೂ ದಿನ ತುಳಿಯಿರಿ. ಎರಡನೇ ದಿನ ಕಾಲು ಏನು ಹೇಳುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ. ಸಂಗಮದ ಸುತ್ತ ಕಾವೇರಿ ವನ್ಯಜೀವಿಧಾಮ ಇದೆ, ಆನೆ ಓಡಾಡುವ ಜಾಗ, ಅನುಮತಿ ಇಲ್ಲದೆ ಕಾಡಿನ ಒಳಗೆ ನುಗ್ಗಬೇಡಿ.

ಸೈಕಲ್ ವಿಷಯ. ಟೈರು 40–45 ಮಿಲಿಮೀಟರ್ ಇರಲಿ, ಟ್ಯೂಬ್‌ಲೆಸ್ ಆದರೆ ಒಳ್ಳೆಯದು. ಮೇಲಿನ ಬಯಲಿಗೆ ಅಲ್ಲಿ ಕೋಸ್ ಅನ್ನುತ್ತಾರೆ. ಅಲ್ಲಿನ ದಾರಿ ಕಾಫಿ ತೋಟದ ಮಣ್ಣು ದಾರಿ ಥರ ಮೆತ್ತಗಿಲ್ಲ. ಬಿಳಿ ಸುಣ್ಣಕಲ್ಲು, ಮುಷ್ಟಿ ಗಾತ್ರದ ಚೂಪು ಚೂಪಾದ ಚೂರುಗಳು, ಎರಡು ಕಡೆ ಗಾರೆ ಇಲ್ಲದೆ ಪೇರಿಸಿದ ಕಲ್ಲುಗೋಡೆ. ಇಳಿಜಾರಿನಲ್ಲಿ ಕಲ್ಲು ಚಕ್ರದಡಿ ಉರುಳಿ ಮುಂದಿನ ಟೈರು ಪಕ್ಕಕ್ಕೆ ಜಾರುತ್ತದೆ. ಆಗ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಬಿದ್ದಿರಿ ಅಂತಲೇ ಲೆಕ್ಕ. ಸೊಂಟ ಹಿಂದಕ್ಕೆ ಹಾಕಿ, ಮೊಣಕೈ ಸಡಿಲ ಬಿಟ್ಟು, ಇಳಿಜಾರು ಶುರುವಾಗುವ ಮೊದಲೇ ವೇಗ ಕಡಿಮೆ ಮಾಡಿಕೊಂಡಿರಿ. ಗೇರು ಎಷ್ಟು ಹಗುರ ಇದ್ದರೂ ಜಾಸ್ತಿ ಅಲ್ಲ. ಮುಂದೆ ಪೆಡಲಿನ ಹಲ್ಲುಚಕ್ರಕ್ಕೆ 40 ಹಲ್ಲು ಇದ್ದರೆ ಹಿಂಚಕ್ರದ ಅತಿ ದೊಡ್ಡ ಹಲ್ಲುಚಕ್ರಕ್ಕೆ ಕನಿಷ್ಠ 42 ಇರಲಿ. ನಿಮ್ಮ ಫ್ರೇಮಿಗೆ ಹೊಂದುವ ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರು ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಚಿಕ್ಕ ಲೋಹದ ತುಂಡು, ಒಂದನ್ನು ಎಕ್ಸ್‌ಟ್ರಾ ಇಟ್ಟುಕೊಳ್ಳಿ. ಟೈರು, ಚೈನು ಎಲ್ಲಾದರೂ ಸಿಗುತ್ತದೆ, ನಿಮ್ಮದೇ ಫ್ರೇಮಿನ ಹ್ಯಾಂಗರ್ ಹಳ್ಳಿಯಲ್ಲಿ ಸಿಗುವುದಿಲ್ಲ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಗೆ ಬೆಂಗಳೂರಿನಲ್ಲೇ ಅರ್ಜಿ ಹಾಕಬಹುದು. ಶುಲ್ಕ ದೊಡ್ಡವರಿಗೆ 90 ಯೂರೊ, ಜೊತೆಗೆ ಸೇವಾ ಶುಲ್ಕ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಬೇಕು, ಅದರಲ್ಲಿ ಸೈಕಲ್ ಸವಾರಿಯೂ ಸೇರಿದೆಯಾ ನೋಡಿಕೊಳ್ಳಿ. ಪ್ರಯಾಣಕ್ಕೆ 6 ತಿಂಗಳು ಮೊದಲಿಂದ ಅರ್ಜಿ ತಗೊಳ್ಳುತ್ತಾರೆ. ಸೈಕಲ್ ದುಬಾರಿಯದಾದರೆ ಹೊರಡುವ ದಿನ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಬಾಕ್ಸ್ ಚೆಕ್‌ಇನ್‌ಗೆ ಕೊಡುವ ಮೊದಲೇ ಮಾಡಿಸಬೇಕು. ಇಲ್ಲದಿದ್ದರೆ ವಾಪಸ್ ಬರುವಾಗ ಇದು ಅಲ್ಲಿ ಕೊಂಡದ್ದಲ್ಲ ಅಂತ ವಾದ ಮಾಡಿಕೊಂಡು ನಿಲ್ಲಬೇಕಾಗುತ್ತದೆ. ಅಡುಗೆ ಗ್ಯಾಸಿನ ಡಬ್ಬಿ ಯಾವ ಬ್ಯಾಗಿನಲ್ಲೂ ಹಾಕಬೇಡಿ, ಅಲ್ಲೇ ಕೊಂಡುಕೊಳ್ಳಿ.

ಯಾವಾಗ ಹೋಗಬೇಕು? ಮೇ ಕೊನೆ, ಜೂನ್. ನನ್ನ ಪ್ರಕಾರ ಜೂನ್ ಎಲ್ಲಕ್ಕಿಂತ ವಾಸಿ, ರಾತ್ರಿ ಒಂಬತ್ತೂವರೆವರೆಗೆ ಬೆಳಕಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಪ್ರವಾಸಿಗರು ಜಾಸ್ತಿ, ಕೋಸ್ ಮೇಲೆ ಬಿಸಿಲೂ ಜಾಸ್ತಿ, ನೆರಳು ಕಡಿಮೆ. ಬೆಂಕಿ ಅಪಾಯ ಇದ್ದಾಗ ಕೆಲವು ಕಾಡುದಾರಿಗಳನ್ನು ಮುಚ್ಚುವುದೂ ಉಂಟು. ಸೆಪ್ಟೆಂಬರ್ ಹವೆ ಚೆನ್ನಾಗಿರುತ್ತದೆ, ಆದರೆ ಆ ತಿಂಗಳಲ್ಲೇ ಬೇಟೆಯ ಕಾಲ ಶುರುವಾಗಿ ಫೆಬ್ರವರಿವರೆಗೆ ನಡೆಯುತ್ತದೆ. ಹೌದು, ಅಲ್ಲಿ ಕಾಡುಹಂದಿ, ಜಿಂಕೆ ಬೇಟೆಗೆ ಕಾನೂನಿನ ಒಪ್ಪಿಗೆ ಇದೆ. ದಾರಿ ಬದಿಯಲ್ಲಿ ‘ಶಾಸ್ ಆಂ ಕೂರ್’ ಅಂತ ಬೋರ್ಡ್ ಕಂಡರೆ ಬೇಟೆ ನಡೆಯುತ್ತಿದೆ ಎಂದರ್ಥ. ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ, ಗಂಟೆ ಬಾರಿಸಿ, ಸಾಧ್ಯವಾದರೆ ಬೇರೆ ದಾರಿ ಹಿಡಿಯಿರಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ರೂಟ್ ಇದು. ಪ್ಯಾರಿಸ್‌ನ ಓಸ್ಟರ್ಲಿಟ್ಸ್ ನಿಲ್ದಾಣದಿಂದ ರೈಲಿನಲ್ಲಿ ಬ್ರೀವ್ ಊರಿಗೆ. ಅಲ್ಲಿಂದ ವೆಜೇರ್ ಕಣಿವೆ ಹಿಡಿದು ಮೊಂತಿನ್ಯಾಕ್. ಆದಿಮಾನವರು ಗೋಡೆ ಮೇಲೆ ಚಿತ್ರ ಬರೆದ ಲಾಸ್ಕೊ ಗುಹೆ ಇರುವುದು ಇಲ್ಲೇ. 1940ರಲ್ಲಿ ಪತ್ತೆಯಾದ ಅದನ್ನು 1963ರಲ್ಲಿ ಜನರಿಗೆ ಮುಚ್ಚಿದರು, ಜನರ ಉಸಿರು, ಬಿಸಿಗೆ ಚಿತ್ರಗಳು ಹಾಳಾಗತೊಡಗಿದ್ದವು. ಈಗ ನೋಡಲು ಸಿಗುವುದು ನಕಲು. ಮುಂದೆ ಲಿಮೊಯ್ ಅನ್ನುವ ಊರಿನಲ್ಲಿ ವೆಜೇರ್ ಹೋಗಿ ದೋರ್ದೋನ್ ಸೇರುತ್ತದೆ. ಅಲ್ಲಿ ತಿರುಗಿ ದೋರ್ದೋನ್ ಹರಿವಿಗೆ ಎದುರಾಗಿ ಸಾರ್ಲಾ ಕಡೆ ಬನ್ನಿ. ಸಾರ್ಲಾ ಬಳಿಯಿಂದ ಸುಯಾಕ್ ಕಡೆಗೆ ಹಳೆ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿ ಇದೆ. ಇಡೀ ಪ್ರವಾಸದಲ್ಲಿ ಸಪಾಟು ಅನ್ನಬಹುದಾದದ್ದು ಅಂದರೆ ಇದು, ಸೋತ ಕಾಲಿಗೆ ಒಂದು ದಿನ ರಜೆ ಅಂದುಕೊಳ್ಳಿ. ಆಮೇಲೆ ದಕ್ಷಿಣಕ್ಕೆ ಕೋಸ್ ಏರಿ, ರೊಕಾಮದೂರ್ ದಾಟಿ, ಸೆಲೇ ಕಣಿವೆಗೆ ಇಳಿಯಬೇಕು. ಕಿರಿದಾದ ಕಣಿವೆ, ಬಂಡೆಗೆ ಅಂಟಿಕೊಂಡ ಮನೆಗಳು, ವಾಹನ ಕಡಿಮೆ. ಕಾಬ್ರರೇ ಹತ್ತಿರ ಪೆಶ್ ಮೆರ್ಲ್ ಗುಹೆ ಇದೆ. ಇಲ್ಲಿ ನಕಲಲ್ಲ, ಚುಕ್ಕೆ ಚುಕ್ಕೆ ಕುದುರೆಗಳ ಅಸಲಿ ಚಿತ್ರವನ್ನೇ ನೋಡಬಹುದು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ಮುಂಚೆಯೇ ಬುಕ್ ಮಾಡಿ. ಸೆಲೇ ಹೋಗಿ ಲೊಟ್ ಸೇರಿದ ಮೇಲೆ ಕಾಓರ್ ಊರು ದೂರವಿಲ್ಲ.

ಸೆಲೇ ಕಣಿವೆಯಲ್ಲಿ ಹಳೆಯ ಯಾತ್ರೆಯ ಕಾಲುದಾರಿಯ ಒಂದು ಕವಲು ಹಾದುಹೋಗುತ್ತದೆ. ನಡೆದು ಹೋಗುವವರಿಗೆಂದೇ ಇರುವ ತಂಗುಮನೆಗಳು ನಮಗೂ ಸಿಗುತ್ತವೆ, ರಾತ್ರಿ ಊಟ ಬೆಳಗ್ಗೆ ತಿಂಡಿ ಸೇರಿಸಿ. ಒಂದೆರಡು ದಿನ ಮುಂಚೆ ಫೋನ್ ಮಾಡಿ ಹೇಳಿ.

ದಾರಿ ಹುಡುಕಲು ಬರೀ ಫೋನ್ ಆ್ಯಪ್ ಎಳೆದ ಗೆರೆ ನಂಬಬೇಡಿ. ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ನಕ್ಷೆ ಇಟ್ಟುಕೊಂಡು ಗೆರೆ ಗೆರೆ ಹೋಲಿಸಿ. ಅದರಲ್ಲಿ ತುಂಡು ಗೆರೆ ಅಂದರೆ ಕಾಲುದಾರಿ, ಸೈಕಲ್ ಹೊತ್ತು ನಡೆಯಬೇಕಾದೀತು. ಮರದ ಮೇಲೆ ಬಿಳಿ–ಕೆಂಪು ಪಟ್ಟಿ ಇದ್ದರೆ ಅದು ದೂರದ ನಡಿಗೆಯವರ ದಾರಿ. ತ್ರಿಕೋನದ ಜೊತೆ ಎರಡು ವೃತ್ತ ಇದ್ದರೆ ಮೌಂಟನ್ ಬೈಕ್ ದಾರಿ, ಅದರಲ್ಲಿ ಹಸಿರು, ನೀಲಿ ನಮಗೆ ಸರಿ, ಕೆಂಪು ಕಪ್ಪು ಬೇಡ.

ಇನ್ನು ಹೊಟ್ಟೆ ಪಾಡು. ಬೆಂಗಳೂರಿನಲ್ಲಿ ಮೂರು ಗಂಟೆಗೆ ಹೋದರೂ ದರ್ಶಿನಿಯಲ್ಲಿ ಒಂದು ದೋಸೆ ಗ್ಯಾರಂಟಿ. ಅಲ್ಲಿ ಮಧ್ಯಾಹ್ನ 12ರಿಂದ 2, ಅಷ್ಟೇ. ಆಮೇಲೆ ಅಡುಗೆಮನೆ ಮುಚ್ಚಿತು ಅಂದರೆ ಮುಚ್ಚಿತು. ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕುತ್ತವೆ, ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಹಳ್ಳಿಗಳಲ್ಲಿ ಏನೂ ಸಿಗದಿರಬಹುದು. ಶನಿವಾರವೇ ಬ್ಯಾಗ್ ತುಂಬಿಸಿಕೊಳ್ಳಿ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಇದು ಬಾತುಕೋಳಿಯ ಸೀಮೆ. ಸಾರ್ಲಾದ ಹೆಸರಿನ ಆಲೂಗಡ್ಡೆ ಪಲ್ಯ ಇದೆಯಲ್ಲ, ಬೆಳ್ಳುಳ್ಳಿ ಹಾಕಿ ಗರಿಗರಿಯಾಗಿ ಹುರಿದದ್ದು, ನೋಡಲು ನಮ್ಮದೇ ಥರ ಕಾಣುತ್ತದೆ, ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಮಾಂಸ ಬೇಡ ಅಂದರೆ ಸಾಲದು, ‘ಸಾಂ ಗ್ರೆಸ್ ದ ಕನಾರ್’, ಬಾತಿನ ಕೊಬ್ಬು ಬೇಡ ಅಂತಲೂ ಹೇಳಿ. ಬ್ರೆಡ್ಡು, ರೊಕಾಮದೂರ್ ಮೇಕೆಹಾಲಿನ ಚೀಸ್, ಅಕ್ರೋಟು, ಟೊಮೆಟೊ ಇದ್ದರೆ ಮಧ್ಯಾಹ್ನ ಕಳೆಯುತ್ತದೆ. ಜೊತೆಗೆ ಮನೆಯಿಂದ ತಂದ ಚಟ್ನಿಪುಡಿ ಇದ್ದರೆ ಕೇಳುವುದೇ ಬೇಡ. ಅಂದಹಾಗೆ, ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಅನ್ನಿ. ಅನ್ನದೆ ನೇರ ಸಾಮಾನು ಕೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ.

ನೀರು ಕೋಸ್ ಮೇಲೆ ಕಷ್ಟ. ಸುಣ್ಣಕಲ್ಲು ಮಳೆನೀರನ್ನೆಲ್ಲ ಕೆಳಗೆ ಎಳೆದುಕೊಳ್ಳುತ್ತದೆ, ಮೇಲೆ ಹಳ್ಳ ತೊರೆ ಕಾಣುವುದೇ ಅಪರೂಪ. ಕಣಿವೆ ಬಿಡುವ ಮೊದಲು ಬಾಟಲಿಗಳೆಲ್ಲ ತುಂಬಿರಲಿ. ಖಾಲಿಯಾದರೆ ಊರಿನ ಸ್ಮಶಾನ ಹುಡುಕಿ. ಹೂಗಿಡಗಳಿಗೆ ಹಾಕಲು ಅಲ್ಲಿ ಸಾಮಾನ್ಯವಾಗಿ ನಲ್ಲಿ ಇಟ್ಟಿರುತ್ತಾರೆ, ಫ್ರಾನ್ಸಿನ ಸೈಕಲ್‌ನವರೆಲ್ಲ ಮಾಡುವುದು ಇದನ್ನೇ. ‘ನೊಂ ಪೊಟಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ. ಹುಲ್ಲಿನಲ್ಲಿ ಕೂತು ಎದ್ದ ದಿನ ರಾತ್ರಿ ಮೊಣಕಾಲ ಹಿಂದೆ, ತೊಡೆ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ (ಟಿಕ್) ಹತ್ತಿದೆಯಾ ನೋಡಿಕೊಳ್ಳಿ. ಅಲ್ಲಿನ ಉಣ್ಣಿಗಳಿಂದ ಲೈಮ್ ಕಾಯಿಲೆ ಬರಬಹುದು.

ರಸ್ತೆಯಲ್ಲಿ ಬಲಗಡೆ ಹೋಗಬೇಕು. ಬೋರ್ಡ್ ಇಲ್ಲದ ಅಡ್ಡರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಊರಾಚೆ ಕತ್ತಲಾದ ಮೇಲೆ ಹೊಳೆಯುವ ಜಾಕೆಟ್ ಕಡ್ಡಾಯ. ಸೈಕಲ್ ಓಡಿಸುತ್ತಾ ಇಯರ್‌ಫೋನ್ ಹಾಕುವಂತಿಲ್ಲ. ತುರ್ತು ನಂಬರ್ 112.

ಕಾಓರ್‌ನಿಂದ ಪ್ಯಾರಿಸ್‌ಗೆ ವಾಪಸ್ ಬರುವ ರೈಲೂ ಬ್ರೀವ್‌ಗೆ ಬಂದ ಅದೇ ಮಾರ್ಗದ್ದು. ಈ ದೂರದ ರೈಲುಗಳಲ್ಲಿ ಬಿಚ್ಚದ ಸೈಕಲ್ಲಿಗೆ ಬೇರೆ ಟಿಕೆಟ್ ಬೇಕು, ಜಾಗವೂ ಬೆರಳೆಣಿಕೆಯಷ್ಟೇ, ಜೂನ್‌ನಲ್ಲಿ ಬೇಗ ತುಂಬಿಹೋಗುತ್ತದೆ. ಹೋಗುವ ದಿನದ ಟಿಕೆಟ್ ತೆಗೆಯುವಾಗಲೇ ಬರುವ ದಿನದ್ದನ್ನೂ ತೆಗೆದುಬಿಡಿ. ಪ್ಯಾರಿಸ್‌ಗೆ ಬಂದ ಮೇಲೆ ವಿಮಾನಕ್ಕೆ ಹಾಕಲು ರಟ್ಟಿನ ಡಬ್ಬ ಬೇಕಲ್ಲ, ಅದಕ್ಕೆ ಅಲ್ಲಿನ ಯಾವುದಾದರೂ ಸೈಕಲ್ ಅಂಗಡಿಗೆ ಎರಡು ದಿನ ಮುಂಚೆ ಫೋನ್ ಮಾಡಿ ಒಂದನ್ನು ಎತ್ತಿಡಲು ಹೇಳಿ.